ನೋಟ್ಸ್ ಉಂಟು, ಆದರೆ ಕೊಡುವುದಿಲ್ಲ

ಉಡುಪಿ

ಪ್ರೀತಿಯ ಪುಟ್ಟೀ,

ಮಂಗಳೂರಿನಲ್ಲಿ ಕಾಲೇಜು ಮಕ್ಕಳಿಗೆ ಸಂಗೀತದ ಇತಿಹಾಸ ಹೇಳಿಕೊಡುವ ಕೆಲಸ ಸಿಕ್ಕಿತು ಅಂತ ನಿನ್ನಮ್ಮ ಫೋನ್ ಮಾಡಿದ್ದಳು. ಖುಷಿಯಾಯಿತು. ನಿನ್ನ ಮೆಸೇಜನ್ನೂ ನೋಡಿದೆ. ‘ದೊಡ್ಡಮಾವ, ಹಳೆಯ ನೋಟ್ಸ್ ಇದ್ರೆ ಕೊಡಿ’ ಅಂತ ಕೇಳಿದ್ದೀಯಲ್ಲ? ನೋಟ್ಸ್ ಉಂಟು. ಆದರೆ ಕೊಡುವುದಿಲ್ಲ.

ಕೆಲಸಕ್ಕೆ ಸೇರಿದ ವರ್ಷ ನಾನು ಅದನ್ನೇ ಓದಿ ಬರೆಸಿದ್ದೆ. ಪುರಂದರದಾಸರು 1484ರಿಂದ 1564. ರಾಮಾಮಾತ್ಯನ ಸಂಗೀತಶಾಸ್ತ್ರದ ಗ್ರಂಥ ಸ್ವರಮೇಳಕಲಾನಿಧಿ 1550. ಮಕ್ಕಳು ತಲೆ ತಗ್ಗಿಸಿ ಬರೆದುಕೊಂಡರು. ಹಂಚಿನ ಮೇಲೆ ಜುಲೈ ಮಳೆ, ನನ್ನ ಮಾತು ಅರ್ಧ ಕ್ಲಾಸಿಗೆ ಕೇಳಿಸುತ್ತಲೇ ಇರಲಿಲ್ಲ. ಒಂದು ದಿನ ಕಡೆಯ ಬೆಂಚಿನ ಹುಡುಗ ಎದ್ದು ನಿಂತ. ‘ಸರ್, ದಾಸರು ಈ ಪದವನ್ನು ಇದೇ ರಾಗದಲ್ಲಿ ಹಾಡಿದ್ದಾ?’ ಅಂದ. ‘ಹೌದು, ಕೂತ್ಕೋ’ ಅಂದೆ. ಪೋರ್ಷನ್ ಮುಗಿಸುವ ಅವಸರ. ಗೊತ್ತಿದ್ದೇ ಸುಳ್ಳು ಹೇಳಿದೆ, ಮಾರಾಯ್ತಿ.

ಇಡೀ ವರ್ಷದಲ್ಲಿ ಬಂದ ಒಳ್ಳೆಯ ಪ್ರಶ್ನೆ ಅದೊಂದೇ. ದಾಸರ ಪದಗಳು ಉಳಿದವು, ಧಾಟಿ ಉಳಿಯಲಿಲ್ಲ. ಓಲೆಗರಿಯಲ್ಲಿ ಸಾಹಿತ್ಯ ಬರೆದಿಟ್ಟರು, ಕೆಲವು ಕಡೆ ರಾಗ ತಾಳದ ಹೆಸರನ್ನೂ ಬರೆದರು. ಸ್ವರ ಬರೆಯಲಿಲ್ಲ. ಇವತ್ತು ಕಛೇರಿಯಲ್ಲಿ ಕೇಳುವ ಮಟ್ಟುಗಳಲ್ಲಿ ಹೆಚ್ಚಿನವು ಆಮೇಲಿನವರು ಕೂರಿಸಿದ್ದು. ಇದನ್ನು ಮೊದಲ ದಿನವೇ ಹೇಳಿಬಿಡು. ಮಕ್ಕಳು ಬೇಜಾರು ಮಾಡಿಕೊಳ್ಳುವುದಿಲ್ಲ, ಕಿವಿ ನೆಟ್ಟಗೆ ಮಾಡುತ್ತಾರೆ. ಕನಕನ ಕಿಂಡಿಯ ಕಥೆಯನ್ನೂ ಹೇಳು. ಕಥೆ ಅಂತ ಹೇಳಿಯೇ ಹೇಳು, ಅಷ್ಟೇ.

ಆಮೇಲೆ ಅವರನ್ನು ಮನೆಗೆ ಅಟ್ಟು. ನಮ್ಮ ಕಡೆಯ ಮದುವೆಗಳಲ್ಲಿ ವಾದಿರಾಜರ ಲಕ್ಷ್ಮೀ ಶೋಭಾನೆ ಹಾಡುತ್ತಾರಲ್ಲ, ಒಂದೊಂದು ಮನೆಯ ಹೆಂಗಸರ ಧಾಟಿ ಒಂದೊಂದು. ಇಬ್ಬರು ಅಜ್ಜಿಯಂದಿರ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತಂದರೆ ಒಂದು ವಾರದ ಪಾಠ ಆಯಿತು. ಎಲ್ಲಿ ಎಳೆದರು, ಎಲ್ಲಿ ಉಸಿರು ತೆಗೆದುಕೊಂಡರು, ಯಾವ ಸಾಲು ಬಿಟ್ಟರು ಅಂತ ಪಕ್ಕಪಕ್ಕ ಇಟ್ಟು ಕೇಳಿಸು. ಕ್ಲಾಸಿನಲ್ಲಿ ಕೊಂಕಣಿಯವರೂ ಬ್ಯಾರಿಗಳೂ ಇರುತ್ತಾರೆ. ಕೊಂಕಣಿ ಕ್ರೈಸ್ತರ ಮದುವೆಯ ರೋಸಿನ ಶಾಸ್ತ್ರದಲ್ಲಿ ಹಾಡುವ ವೊವಿಯೊ ಬರಲಿ, ಬ್ಯಾರಿ ಮದುವೆ ಹಾಡು ಬರಲಿ, ನಾಟಿ ಗದ್ದೆಯಲ್ಲಿ ಹಾಡುವ ತುಳು ಕಥನಗೀತೆ ಪಾಡ್ದನವೂ ಬರಲಿ. ‘ನಮ್ಮ ಅಜ್ಜಿ ಹಾಡುವುದೆಲ್ಲ ಸಂಗೀತವಾ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಮಾಚಾರಿನ ಗೋಪಾಲ ನಾಯ್ಕರ ಸುದ್ದಿ ತೆಗೆ. ಅವರು ಬಾಯಿಪಾಠದಲ್ಲಿ ಹಾಡಿದ ಸಿರಿ ಪಾಡ್ದನವನ್ನು ಫಿನ್‌ಲೆಂಡಿನ ಲೌರಿ ಹೊಂಕೊ ನಮ್ಮ ವಿದ್ವಾಂಸರ ಜೊತೆ ಸೇರಿ ದಾಖಲಿಸಿದರು. 1998ರಲ್ಲಿ ಅಚ್ಚಾಯಿತು. 15,683 ಸಾಲು!

ಕಛೇರಿ ಸಂಗೀತಕ್ಕೆ ಬರುವಾಗ ತಂಜಾವೂರಿಗೆ ನೆಗೆಯಬೇಡ. ನಂದಳಿಕೆಯಿಂದ ಶುರು ಮಾಡು. ಕವಿ ಮುದ್ದಣ ಹುಟ್ಟಿದ ಊರು ಅಂತ ಎಲ್ಲರಿಗೂ ಗೊತ್ತು. ಗಾಯಕ ಬಿಡಾರಂ ಕೃಷ್ಣಪ್ಪ ಹುಟ್ಟಿದ್ದೂ ಅಲ್ಲೇ, 1866ರಲ್ಲಿ. ಅವರು ಮೈಸೂರು ಆಸ್ಥಾನದ ವಿದ್ವಾಂಸರಾದರು, ಕಛೇರಿಯಲ್ಲಿ ದೇವರನಾಮಕ್ಕೆ ಮರ್ಯಾದೆ ತಂದುಕೊಟ್ಟರು. ಅವರ ಶಿಷ್ಯ ಚೌಡಯ್ಯ. ಚೌಡಯ್ಯನವರ ಪಿಟೀಲಿಗೆ ನಾಲ್ಕರ ಬದಲು ಏಳು ತಂತಿ ಯಾಕೆ ಅಂತ ಕೇಳು. ಮೈಕಿಲ್ಲದ ದೊಡ್ಡ ಸಭೆಯಲ್ಲಿ ಕಡೆಯ ಸಾಲಿಗೂ ಕೇಳಿಸಬೇಕಿತ್ತು, ಅದಕ್ಕೆ. ಹೀಗೆ ಕಾರಣ ಸಿಕ್ಕಿದರೆ ಇಸವಿ ತಾನಾಗಿ ನೆನಪಿರುತ್ತದೆ.

ಗ್ರಾಮಫೋನ್ ರೆಕಾರ್ಡಿನ ಕಾಲಕ್ಕೆ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಇದ್ದೇ ಇದ್ದಾರೆ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದರು. ತಟ್ಟೆಯಲ್ಲಿ ಹಿಡಿಯುವುದು ಮೂರು ನಿಮಿಷದ ಹಾಡು ಮಾತ್ರ. ಗಂಟೆಗಟ್ಟಲೆ ಹಾಡುವ ರಾಗವನ್ನು ಅಷ್ಟರಲ್ಲಿ ಮುಗಿಸಿ, ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾರೆ. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ, ಹಾಡಿದ್ದು ಯಾರು ಅಂತ ಅಲ್ಲಿನವರಿಗೆ ಗೊತ್ತಾಗಬೇಕಲ್ಲ! ರೀಲ್ಸ್ ನೋಡುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗಾಲದಲ್ಲಿ ಅವರು ಮೈಸೂರಿಗೆ ಬಂದರು, 1930ರಲ್ಲಿ ಅಲ್ಲೇ ತೀರಿಕೊಂಡರು.

ಕದ್ರಿ ಗೋಪಾಲನಾಥರನ್ನು ಮಂಗಳೂರಿನ ಮಕ್ಕಳಿಗೆ ನೀನು ಪರಿಚಯ ಮಾಡಿಸಬೇಕಾಗಿಲ್ಲ. ಆದರೆ ಮೊದಲು ಅವರ ಹೆಸರು ಹೇಳಬೇಡ. ದೇವಸ್ಥಾನದ ನಾಗಸ್ವರ ಐದು ನಿಮಿಷ ಕೇಳಿಸು. ಆಮೇಲೆ ಸುಮ್ನೆ ಅವರ ಸ್ಯಾಕ್ಸೋಫೋನ್ ಹಾಕು. ತಂದೆ ನಾಗಸ್ವರ ನುಡಿಸುತ್ತಿದ್ದವರು. ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮರುಳಾದರು. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ವಾದ್ಯದಿಂದ ಗಮಕ, ಅಂದರೆ ಸ್ವರದ ತೂಗಾಟ, ಹೊರಡಿಸುವುದು ಎಂತ ಕಷ್ಟ ಅಂತ ಆಗ ಮಾತಾಡು. ಅರಮನೆಗೆ ಬ್ಯಾಂಡ್ ಯಾಕೆ ಬಂತು ಅಂತ ಯಾರಾದರೂ ಕೇಳಿದರೆ ಆ ದಿನದ ಪಾಠ ಬದಿಗಿಟ್ಟು ಅದರ ಹಿಂದೆ ಹೋಗು. ಎಚ್‌ಓಡಿ ಗೊಣಗಿದರೆ ಗೊಣಗಲಿ.

ಪರೀಕ್ಷೆಗೆ ಬೇಕಾದ ಇಸವಿಗಳನ್ನು ಒಂದು ಹಾಳೆಯಲ್ಲಿ ಝೆರಾಕ್ಸ್ ಮಾಡಿ ಹಂಚು. ಅದಕ್ಕೆ ಕ್ಲಾಸು ಯಾಕೆ?

ಒಂದು ಕ್ಯಾಸೆಟ್ ಮಾತ್ರ ಕೊಡುತ್ತೇನೆ. ನಿನ್ನಮ್ಮನ ಮದುವೆಯ ದಿನ ನಾನೇ ಮಾಡಿದ ರೆಕಾರ್ಡಿಂಗ್. ಅಜ್ಜಿ ಶೋಭಾನೆ ಹಾಡುತ್ತಿದ್ದಾರೆ, ಹಿಂದೆ ಅಡುಗೆಯವರ ಗಲಾಟೆ, ನಡುವೆ ಒಮ್ಮೆ ಅಜ್ಜಿಯೇ ಹಾಡು ನಿಲ್ಲಿಸಿ ಯಾರಿಗೋ ಬೈಯುತ್ತಾರೆ. ಅವರ ಧಾಟಿ ನನಗೆ ಬರುವುದಿಲ್ಲ, ನಿನ್ನಮ್ಮನಿಗೆ ಮೊದಲ ನಾಲ್ಕು ಸಾಲು ಬರುತ್ತದೆ, ಅಷ್ಟೇ. ಟೇಪಿಗೆ ಸ್ವಲ್ಪ ಬೂಷ್ಟು ಹಿಡಿದಿದೆ, ಒರೆಸಿಟ್ಟಿದ್ದೇನೆ. ನನ್ನ ಪ್ಲೇಯರ್ ಹಾಳಾಗಿದೆ. ಎಲ್ಲಾದರೂ ಒಂದು ಹುಡುಕಿಕೊಂಡು ಭಾನುವಾರ ಬಾ.

ನಿನ್ನ
ದೊಡ್ಡಮಾವ