ಆರಡಿ ಮೂರಡಿ ಜಾಗ ಬಿಟ್ಟುಕೊಟ್ಟ ನಮ್ಮೋರಿಗೆ

ಎಲ್ರಿಗೂ ನಮಸ್ಕಾರ. ಮೊನ್ನೆ ಭಾನುವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಬಂದೆ. ಬರೀ ಹತ್ತಿದ್ದಲ್ಲ, ನಮ್ಮತ್ತೆ ನನ್ನ ಹೆಸರಲ್ಲಿ ಹೊತ್ತಿದ್ದ ಹರಕೆ ಪ್ರಕಾರ ಮೆಟ್ಟಿಲಿಗೆಲ್ಲಾ ಅರಿಶಿನ ಕುಂಕುಮ ಹಚ್ಕೊಂಡು ಹತ್ತಿದ್ದು. ಮೈಸೂರಿನೋರಿಗೆ ಗೊತ್ತಿರುತ್ತೆ, ಅದಕ್ಕೆ ಒಂದೊಂದು ಮೆಟ್ಟಿಲಿಗೂ ಕೂತು ಏಳ್ಬೇಕು. ನಾನೂ ನನ್ನ ಮಗಳೂ ಸರದಿ ಮೇಲೆ ಹಚ್ತಾ ಹೋದ್ವಿ, ಏಳ್ನೂರನೇ ಮೆಟ್ಟಿಲ ಹತ್ರ ನಂದಿ ಕಾಣಿಸ್ತಲ್ಲ, ಅಲ್ಲಿ ನಿಂತು ನಾನು ಅತ್ತೇ ಬಿಟ್ಟೆ. ನೋವಿಗೆ ಅಲ್ಲ. ಹೋದ ವರ್ಷ ಯುಗಾದಿ ಟೈಮಲ್ಲಿ ಮಿಷನ್ ಕೆಳಗೆ ಬಿದ್ದ ಬಾಬಿನ್ ಎತ್ಕೊಳ್ಳೋಕಾಗದೆ ಮಗಳು ಸ್ಕೂಲಿಂದ ಬರೋವರ್ಗೂ ಕಾದು ಕೂತಿದ್ದು ನೆನಪಾಯ್ತು.

ಅದಾಗಿ ಹದಿನೇಳು ತಿಂಗಳು, ನನ್ನನ್ನ ಮತ್ತೆ ಎಬ್ಬಿಸಿ ನಿಲ್ಲಿಸಿದ್ದು ಮನೇಲೇ ಚಾಪೆ ಮೇಲೆ ಮಾಡೋ ಪಿಲಾಟೆಸ್ ಅನ್ನೋ ವ್ಯಾಯಾಮ. ಈ ಹದಿನೇಳು ತಿಂಗಳಲ್ಲಿ ನನ್ನ ಜೊತೆ ನಿಂತವ್ರಿಗೆಲ್ಲಾ ಒಬ್ಬೊಬ್ಬರಿಗೇ ಹೇಳೋಕೆ ಹೋದ್ರೆ ಗಂಟಲು ಕಟ್ಟುತ್ತೆ, ಅದಕ್ಕೆ ಇಲ್ಲಿ ಬರೀತಿದೀನಿ.

ನಾನು ಟೈಲರ್, ಮನೇಲೇ ಬ್ಲೌಸ್ ಹೊಲೀತೀನಿ, ಹದಿನೆಂಟು ವರ್ಷ ಆಯ್ತು. ಹಬ್ಬದ ಸೀಸನ್ ಬಂತು ಅಂದ್ರೆ ದಿನಕ್ಕೆ ಹತ್ತು ಗಂಟೆ ಮಿಷನ್ ಮುಂದೆ ಬಗ್ಗಿರ್ತೀನಿ, ಕಟಿಂಗ್ ನೆಲದ ಮೇಲೆ ಚಕ್ಕಂಬಕ್ಕಳ ಹಾಕ್ಕೊಂಡು. ಯುಗಾದಿಗೆ ಒಂದು ವಾರ ಇರೋವಾಗ ಬಟ್ಟೆ ನೆನೆಸಿದ್ದ ಬಕೆಟ್ ಎತ್ತೋಕೆ ಹೋದೆ, ಸೊಂಟದಲ್ಲಿ ಏನೋ ಛಳಕ್ ಅಂತು, ಎಡಗಾಲಿನ ಮೀನಖಂಡದವರ್ಗೂ ಕರೆಂಟ್ ಹೊಡೆದ ಹಾಗಾಯ್ತು. ಎಮ್‌ಆರ್‌ಐ ಮಾಡಿಸಿದ್ರೆ ಎಲ್‌4-ಎಲ್‌5 ಹತ್ರ, ಅಂದ್ರೆ ಸೊಂಟದ ನಾಲ್ಕು-ಐದನೇ ಮೂಳೆ ಮಧ್ಯೆ, ಮೆತ್ತೆ ಥರ ಇರೋ ಡಿಸ್ಕ್ ಉಬ್ಬಿ ನರ ಒತ್ತುತಿದೆ, ಆಪರೇಷನ್ ಸದ್ಯಕ್ಕೆ ಬೇಡ ಅಂದ್ರು. ಅದು ಒಳ್ಳೇದೇ ಆಯ್ತು. ಆದ್ರೆ ಒಂದು ಕಡೆ ಪೂರ್ತಿ ಬೆಡ್ ರೆಸ್ಟ್ ಅಂತ ಹೇಳಿದ್ದನ್ನ ಕೇಳಿ ನಾನು ಎರಡು ತಿಂಗಳು ಮಲಗಿದ್ದೇ ಮಲಗಿದ್ದು, ಎದ್ದಾಗ ಕಾಲಲ್ಲಿ ಬಲಾನೇ ಇರ್ಲಿಲ್ಲ. ಆಮೇಲೆ ಇನ್ನೊಂದು ಕಡೆ ಹೊಟ್ಟೆ ಗಟ್ಟಿ ಆದ್ರೆ ಬೆನ್ನು ಸರಿಹೋಗುತ್ತೆ ಅಂತ ಮೊದಲನೇ ದಿನಾನೇ ಮೂವತ್ತು ಸಿಟ್-ಅಪ್ ಮಾಡಿಸಿದ್ರು, ಮತ್ತೆ ಮೂರು ವಾರ ಹಾಸಿಗೆ. ಅವ್ರ ಮೇಲೆ ನಂಗೀಗ ಕೋಪ ಇಲ್ಲ, ಆದ್ರೆ ನನ್ನ ಥರಾನೇ ನರಳ್ತಿರೋರು ಇದನ್ನ ಓದ್ತಿದ್ರೆ ದಯವಿಟ್ಟು ಗಮನಿಸಿ, ಡಿಸ್ಕ್ ಉಬ್ಬಿ ನೋವು ಜಾಸ್ತಿ ಇರೋವಾಗ ಹಾಗೆ ಮುಂದಕ್ಕೆ ಮಡಚಿ ಮಡಚಿ ಏಳೋದು ಬೇಡ.

ಮೊದಲನೇ ಥ್ಯಾಂಕ್ಸ್ ನಮ್ಮ ಫಿಸಿಯೋ ಮೇಡಂಗೆ. ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಲ್ಲ. ಅವ್ರ ಹತ್ರ ಹೋದ ಮೊದಲನೇ ದಿನ ನನ್ನ ಕೈಲಿ ಮಾಡಿಸಿದ್ದು ಉಸಿರಾಟ ಒಂದೇ. ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ, ಪಾದ ನೆಲಕ್ಕೆ ಊರಿ, ಎರಡೂ ಕೈ ಪಕ್ಕೆಲುಬಿನ ಮೇಲೆ ಇಟ್ಕೊಳ್ಳಿ, ಉಸಿರು ತಗೊಂಡಾಗ ಹೊಟ್ಟೆ ಉಬ್ಬಿಸ್ಬೇಡಿ, ಪಕ್ಕೆ ಎರಡೂ ಕಡೆ ಅಗಲ ಆಗ್ಲಿ ಅಂದ್ರು. ಉಸಿರು ಬಿಡೋವಾಗ ಹೊಕ್ಕಳ ಕೆಳಗಿನ ಭಾಗ ಮೆಲ್ಲಗೆ ಒಳಗೆ ಎಳ್ಕೋಬೇಕು. ನಂಗೆ ಅರ್ಥ ಆಗ್ಲಿಲ್ಲ. ಆಗ ಅವ್ರು ಕೇಳಿದ್ರು, “ನೀವು ಟೈಲರ್ ತಾನೆ? ಲಂಗದ ಲಾಡಿ ಎಳೀತೀರಲ್ಲ, ಗಂಟು ಹಾಕೋಕೆ ಮುಂಚೆ ಸುಮ್ನೆ ಸಡಿಲ ಇರೋದು ಹೋಗೋ ಅಷ್ಟು ಎಳೀರಿ, ಬಿಗಿ ಕಟ್ಬೇಡಿ.” ತಕ್ಷಣ ಗೊತ್ತಾಯ್ತು! ಅಲ್ಲಿ ಒಳಗಡೆ ಸೊಂಟ ಸುತ್ತಿಕೊಂಡು ಒಂದು ಮಾಂಸಖಂಡ ಇದೆಯಂತೆ, ಬೆನ್ನುಮೂಳೆ ಪಕ್ಕ ಪುಟ್ಟಪುಟ್ಟದು ಇನ್ನೊಂದಿಷ್ಟು, ಕೆಳಗೆ ಕಿಬ್ಬೊಟ್ಟೆಯ ತಳ ಹಿಡ್ಕೊಂಡಿರೋದು, ಮೇಲೆ ಉಸಿರಾಟದ್ದು, ಈ ನಾಲ್ಕೂ ಸೇರಿ ನಡುವನ್ನ ಹಿಡ್ಕೊಂಡಿರುತ್ತೆ. ನಾನು ನನ್ನ ಮನಸ್ಸಿನಲ್ಲಿ ಅದನ್ನ ಲೈನಿಂಗ್ ಅಂತ ಇಟ್ಕೊಂಡೆ. ಬ್ಲೌಸ್‌ಗೆ ಲೈನಿಂಗ್ ಹೊರಗೆ ಕಾಣಲ್ಲ, ಆದ್ರೆ ಲೈನಿಂಗ್ ಇಲ್ದೆ ಇದ್ರೆ ಮೇಲಿನ ರೇಷ್ಮೆ ಎಷ್ಟೇ ಚೆನ್ನಾಗಿದ್ರೂ ಎರಡು ಸಲ ಹಾಕೋದ್ರೊಳಗೆ ಹೊಲಿಗೆ ಪಿಸಿಯುತ್ತೆ.

ಮೂರನೇ ವಾರ ಅವ್ರೇ ಹೇಳಿದ್ದು, ಇದು ಪಿಲಾಟೆಸ್, ಇನ್ಮೇಲೆ ದಿನಾ ನನ್ನ ಹತ್ರ ಬರ್ಬೇಡಿ, ಮನೇಲೇ ಮಾಡಿ, ಹದಿನೈದು ದಿನಕ್ಕೊಂದು ಸಲ ಬಂದು ತೋರಿಸಿ. ಸ್ಟುಡಿಯೋದಲ್ಲಿ ಸ್ಪ್ರಿಂಗ್ ಇರೋ ಮಿಷನ್ ಎಲ್ಲಾ ಇರುತ್ತೆ, ಅದೇನೂ ಬೇಡ, ಚಾಪೆ ಮೇಲೆ ಮಾಡೋದೇ ಮೂವತ್ನಾಲ್ಕು ಇದೆ, ಅದ್ರಲ್ಲೂ ನಿಮಗೆ ಏಳೆಂಟು ಸಾಕು ಅಂದ್ರು. ಇದರಿಂದ ಖಂಡಿತ ವಾಸಿ ಆಗುತ್ತಾ ಅಂತ ಕೇಳಿದ್ದಕ್ಕೆ ಅವ್ರು ಮುಚ್ಚುಮರೆ ಮಾಡ್ಲಿಲ್ಲ. ಸೊಂಟನೋವಿನ ಮೇಲೆ ಮಾಡಿರೋ ಹತ್ತು ಅಧ್ಯಯನ, 510 ಜನರ ಲೆಕ್ಕ ಒಟ್ಟುಹಾಕಿ 2015ರಲ್ಲಿ ನೋಡಿದಾರೆ, ಹೆಚ್ಚೇನೂ ಮಾಡದೆ ಇರೋದಕ್ಕಿಂತ ಪಿಲಾಟೆಸ್ ಮಾಡಿದೋರಿಗೆ ನೋವು ಕಮ್ಮಿ ಆಗಿದೆ, ಆದ್ರೆ ಬೇರೆ ವ್ಯಾಯಾಮಕ್ಕಿಂತ ಇದೇ ಮೇಲು ಅಂತ ಗಟ್ಟಿಯಾಗಿ ಹೇಳೋಕಾಗಲ್ಲ, ಯಾವುದನ್ನ ನೀವು ಬಿಡದೆ ಮಾಡ್ತೀರೋ ಅದು ನಿಮ್ಮದು ಅಂದ್ರು. ಆ ಮಾತಿಗೇ ನಾನು ಅವ್ರನ್ನ ನಂಬಿದ್ದು.

ಈಗ ಜಾಗದ ವಿಷ್ಯ. ಮನೇಲಿ ಮಾಡಿ ಅನ್ನೋದು ಸುಲಭ, ನಮ್ಮದು ಹತ್ತು ಬೈ ಹನ್ನೆರಡಡಿ ಹಾಲ್, ಅದ್ರಲ್ಲೇ ದಿವಾನು, ಟಿವಿ ಸ್ಟ್ಯಾಂಡು, ನನ್ನ ಮಿಷನ್ನು, ಕಸ್ಟಮರ್ ಬಟ್ಟೆ ಗಂಟು, ಐದು ಜನ ಓಡಾಡೋ ದಾರಿ. ಟೇಪ್ ತಗೊಂಡು ಅಳೆದೆ, ನಾನು ಮಲಗಿ ಕೈಕಾಲು ಚಾಚೋಕೆ ಆರಡಿ ಉದ್ದ ಮೂರಡಿ ಅಗಲ ಬೇಕಿತ್ತು. ಮನುಷ್ಯನಿಗೆ ಕೊನೆಗೆ ಬೇಕಾಗೋದು ಆರಡಿ ಮೂರಡಿ ಜಾಗ ಅಂತಾರಲ್ಲ, ನಂಗೆ ಜೀವ ವಾಪಸ್ ಬಂದಿದ್ದು ಅಷ್ಟೇ ಜಾಗದಲ್ಲಿ. ನಮ್ಮನೆಯವ್ರು ಅವತ್ತೇ ರಾತ್ರಿ ಮಿಷನ್ನ ವರಾಂಡಕ್ಕೆ ಎತ್ತಿಟ್ರು, ಒಂದು ಮಾತೂ ಆಡ್ಲಿಲ್ಲ. ಮಾರನೇ ವಾರ ಹಳೇ ಬಾಗಿಲು ಒಂದನ್ನ ಕಾರ್ಪೆಂಟರ್ ಹತ್ರ ಕೊಟ್ಟು ಕಾಲು ಹಾಕಿಸಿ ನನ್ನ ಸೊಂಟದ ಎತ್ತರಕ್ಕೆ ಕಟಿಂಗ್ ಟೇಬಲ್ ಮಾಡಿಸಿಕೊಟ್ರು, ಅವತ್ತಿಂದ ನಾನು ನೆಲದ ಮೇಲೆ ಕೂತು ಬಟ್ಟೆ ಕತ್ತರಿಸಿಲ್ಲ. ರೀ, ನಿಮಗೆ ಎದುರಿಗೆ ಹೇಳಿದ್ರೆ “ಇರ್ಲಿ ಬಿಡು” ಅಂತ ಎದ್ದು ಹೋಗ್ತೀರ, ಅದಕ್ಕೆ ಇಲ್ಲಿ ಹೇಳ್ತಿದೀನಿ, ಆ ಟೇಬಲ್ ಇಲ್ದಿದ್ರೆ ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನ ಹಾಳಾಗ್ತಿತ್ತು.

ಬೆಳಿಗ್ಗೆ ಐದೂಮುಕ್ಕಾಲಿಂದ ಆರೂಕಾಲು, ಆ ಅರ್ಧ ಗಂಟೆ ಹಾಲ್ ಒಳಗೆ ಯಾರೂ ಓಡಾಡಲ್ಲ. ಮಾವ ಪೇಪರ್ ಜಗಲಿ ಮೇಲೆ ಓದ್ತಾರೆ, ಚಳಿಗಾಲದಲ್ಲೂ ಶಾಲು ಹೊದ್ಕೊಂಡು ಅಲ್ಲೇ. ಹಾಲಿನವ್ನು ಬಾಗಿಲು ತಟ್ಟದೆ ಪ್ಯಾಕೆಟ್ ಗೇಟಿಗೆ ನೇತುಹಾಕಿ ಹೋಗ್ತಾನೆ. ಮೊದಮೊದಲು ಜಮಖಾನ ಮಡಿಸಿ ಹಾಸ್ಕೋತಿದ್ದೆ, ಆಮೇಲೆ ತಂಗಿ ದಪ್ಪದ ಮ್ಯಾಟ್ ತಂದುಕೊಟ್ಟಳು.

ನಮ್ಮತ್ತೆ ಬಗ್ಗೆ ಏನು ಬರೀಲಿ. ದಿವಾನ್ ಮೇಲೆ ಕೂತು ಎಣಿಸೋರು ಅವ್ರೇ. ಹಂಡ್ರೆಡ್ ಅಂತ ಒಂದಿದೆ, ಬೆನ್ನ ಮೇಲೆ ಮಲಗಿ ಕೈ ಎರಡೂ ಪಕ್ಕದಲ್ಲಿ ನೀರಿಗೆ ತಟ್ಟೋ ಹಾಗೆ ಮೇಲೆ ಕೆಳಗೆ ಆಡಿಸ್ತಾ ಐದು ಎಣಿಕೆ ಉಸಿರು ತಗೊಳ್ಳೋದು, ಐದು ಎಣಿಕೆ ಬಿಡೋದು, ಹಂಗೆ ಹತ್ತು ಸಲ ಆದ್ರೆ ನೂರು. ನಿಜಕ್ಕೂ ತಲೆ ಭುಜ ಎತ್ತಿ ಕಾಲು ಎತ್ತಿ ಮಾಡ್ಬೇಕು, ನಾನು ತಲೆ ನೆಲದಲ್ಲೇ ಇಟ್ಟು, ಪಾದ ಊರಿ, ಇಪ್ಪತ್ತಕ್ಕೆ ಶುರು ಮಾಡಿದ್ದು. “ಇವತ್ತು ಇಪ್ಪತ್ತೈದು ಕಣಮ್ಮ, ನಿನ್ನೆಗಿಂತ ಐದು ಜಾಸ್ತಿ” ಅಂತ ಅತ್ತೆ ಹೇಳೋದು, ತುಪ್ಪ ಹಾಕಿ ಅನ್ನ ಕಲಸಿ ಕೊಟ್ಟಷ್ಟೇ ಸಮಾಧಾನ ಆಗೋದು. ನೂರು ಮುಟ್ಟಿದ್ದು ಐದನೇ ತಿಂಗಳಲ್ಲಿ. ಅವತ್ತು ಅವ್ರು ದೇವ್ರಿಗೆ ತುಪ್ಪದ ದೀಪ ಹಚ್ಚಿದ್ರು. ಈಗ ಅವ್ರೂ ಕುರ್ಚಿ ಹಿಡ್ಕೊಂಡು ಕಾಲು ಪಕ್ಕಕ್ಕೆ ಎತ್ತೋದು, ಹಿಮ್ಮಡಿ ಎತ್ತಿ ಇಳಿಸೋದು ಮಾಡ್ತಾರೆ. ಅವ್ರಿಗೆ ಮೂಳೆ ಸವೆದಿದೆ, ಅದಕ್ಕೆ ಬೆನ್ನು ಗುಂಡಗೆ ಮಾಡಿ ಮುಂದಕ್ಕೆ ಮಡಚೋದು, ಉರುಳೋದು ಯಾವುದೂ ಅವ್ರಿಗೆ ಬೇಡ ಅಂತ ಮೇಡಂ ಖಡಾಖಂಡಿತ ಹೇಳಿದಾರೆ.

ಮಗಳು ನನ್ನ ಕನ್ನಡಿ. ಅಂಗಾತ ಮಲಗಿ ಒಂದೊಂದೇ ಕಾಲು ಎತ್ತಿ ಬೆರಳ ತುದಿ ನೆಲಕ್ಕೆ ಮುಟ್ಟಿಸೋದು ಇದೆಯಲ್ಲ, ಅದ್ರಲ್ಲಿ ಸೊಂಟ ನಮಗೇ ಗೊತ್ತಾಗದ ಹಾಗೆ ಮೇಲೇಳುತ್ತೆ. ಅವಳು ಪಕ್ಕದಲ್ಲಿ ಮಂಡಿ ಊರಿ ಕೂತು ಸೊಂಟದ ಕೆಳಗೆ ಕೈ ತೂರಿಸಿ ನೋಡೋಳು. “ಅಮ್ಮಾ, ಕೈ ಪೂರ್ತಿ ಒಳಗೆ ಹೋಗ್ತಿದೆ, ಕಾಲು ಇಳಿಸು.” ಹತ್ತನೇ ಕ್ಲಾಸ್ ಪರೀಕ್ಷೆ ಇದ್ದ ವರ್ಷ ಅದು, ಓದೋ ಟೈಮಲ್ಲಿ ಹತ್ತು ನಿಮಿಷ ನಂಗೆ ಕೊಟ್ಟಳು. ಕಂದಾ, ನೀನು ಇಂಚು ಟೇಪ್ ಹಿಡಿಯೋಕೆ ಮುಂಚೆ ಅಮ್ಮನ ಬೆನ್ನು ಅಳೆಯೋದು ಕಲ್ತೆ.

ಇನ್ನು ಏನೇನು ಮಾಡ್ತೀನಿ ಅಂತ ತುಂಬಾ ಜನ ಕೇಳ್ತೀರ. ಉಸಿರಾಟ, ಮಲಗಿ ಸೊಂಟ ಎತ್ತೋ ಬ್ರಿಡ್ಜ್, ಪಕ್ಕಕ್ಕೆ ಮಲಗಿ ಮಂಡಿ ತೆಗೆದು ಮುಚ್ಚೋದು, ಅಂಬೆಗಾಲಲ್ಲಿ ಎದುರು-ಬದುರಿನ ಕೈಕಾಲು ಚಾಚೋದು, ಬೋರಲು ಮಲಗಿ ಎದೆ ಸ್ವಲ್ಪ ಎತ್ತೋದು, ಹಂಡ್ರೆಡ್ಡು. ಅಷ್ಟೇ. ನಿಧಾನ, ಎಷ್ಟು ನಿಧಾನ ಅಂದ್ರೆ ನೋಡೋರಿಗೆ ಏನೂ ಮಾಡ್ತಿಲ್ಲ ಅನ್ಸುತ್ತೆ, ಆದ್ರೆ ಆರನೇ ಸಲಕ್ಕೆ ಕಾಲು ನಡುಗುತ್ತೆ. ಮೈಸೂರಲ್ಲಿದ್ಕೊಂಡು ಯೋಗ ಬಿಟ್ಟು ಇದ್ಯಾಕೆ ಅಂತನೂ ಕೇಳಿದ್ರಿ, ಇಲ್ಲಿನ ಗೋಕುಲಂ ಬಡಾವಣೆಗೆ ಪ್ರಪಂಚದ ಎಲ್ಲಾ ಮೂಲೆಯಿಂದ ಯೋಗ ಕಲಿಯೋಕೆ ಬರ್ತಾರೆ, ನಂಗೂ ಗೊತ್ತು, ಯೋಗದ ಮೇಲೆ ನಂಗೆ ಗೌರವ ಇದೆ. ನನ್ನ ಪರಿಸ್ಥಿತಿಯಲ್ಲಿ ಅವತ್ತು ಮಲಗಿದ ಜಾಗದಲ್ಲೇ ಶುರು ಮಾಡೋ ಹಾಗಿದ್ದಿದ್ದು, ಪಕ್ಕದಲ್ಲಿ ನಿಂತು ಕಲಿಸೋರು ಸಿಕ್ಕಿದ್ದು ಇದು.

ಅದಕ್ಕೇ ಇದನ್ನ ಹುಟ್ಟುಹಾಕಿದ ಜೋಸೆಫ್ ಪಿಲಾಟೆಸ್ ಅವ್ರಿಗೂ ಒಂದು ನಮಸ್ಕಾರ. 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದು, ಚಿಕ್ಕ ವಯಸ್ಸಲ್ಲಿ ಅಸ್ತಮಾ, ಮೂಳೆ ಮೆತ್ತಗಾಗೋ ರಿಕೆಟ್ಸ್ ಎಲ್ಲಾ ಇದ್ದ ಮಗು. ಮೊದಲನೇ ಮಹಾಯುದ್ಧ ಶುರುವಾದಾಗ ಇಂಗ್ಲೆಂಡಲ್ಲಿದ್ರು, ಶತ್ರು ದೇಶದೋರು ಅಂತ ಶಿಬಿರದಲ್ಲಿ ಕೂಡಿಹಾಕಿದ್ರಂತೆ. ಅಲ್ಲಿ ಹಾಸಿಗೆ ಹಿಡಿದವ್ರಿಗೆ ಮಂಚದ ಸ್ಪ್ರಿಂಗ್ ಕಟ್ಟಿ ಮಲಗಿದಲ್ಲೇ ಕೈಕಾಲು ಆಡಿಸೋಕೆ ಕಲಿಸಿದ್ರು ಅಂತ ಹೇಳ್ತಾರೆ. ಆಮೇಲೆ 1926ರಲ್ಲಿ ನ್ಯೂಯಾರ್ಕಿಗೆ ಹೋಗಿ, ಜೊತೆಗಾತಿ ಕ್ಲಾರಾ ಜೊತೆ ಡ್ಯಾನ್ಸರ್‌ಗಳಿಗೆಲ್ಲಾ ಕಲಿಸಿದ್ರು. ಅವ್ರು ಇಟ್ಟ ಹೆಸರು ಕಂಟ್ರಾಲಜಿ, ಪಿಲಾಟೆಸ್ ಅಂತ ಆಮೇಲೆ ಜನರ ಬಾಯಲ್ಲಿ ಉಳಿದಿದ್ದು. ಮಗಳು ಇದನ್ನ ಓದಿ ಹೇಳಿದಾಗ ನಾನೂ ಮಂಚದ ಮೇಲೇ ಇದ್ದೆ. ಹಾಸಿಗೆ ಹಿಡಿದವ್ರನ್ನ ನೋಡ್ಕೊಂಡು ಹುಟ್ಟಿದ ವಿದ್ಯೆ ಅಂದ್ರೆ ನಂಗೂ ಇದ್ರಲ್ಲಿ ಜಾಗ ಇದೆ ಅನ್ಸಿತು.

ಏನು ಲಾಭ ಆಯ್ತು ಅಂದ್ರೆ, ತೂಕ ಎರಡು ಕೆಜಿ ಕೂಡ ಇಳಿದಿಲ್ಲ, ಅದಕ್ಕೋಸ್ಕರ ಮಾಡೋರು ಇದನ್ನೊಂದೇ ನಂಬ್ಕೋಬೇಡಿ. ಕಾಲಿಗೆ ಇಳೀತಿದ್ದ ನೋವು ಆರನೇ ತಿಂಗಳಿಗೆ ನಿಂತಿತು. ಮಿಷನ್ ಮುಂದೆ ಕೂತಾಗ ಬೆನ್ನು ಕುಸಿಯೋದು ಈಗ ನಂಗೇ ಗೊತ್ತಾಗುತ್ತೆ, ನಲವತ್ತು ನಿಮಿಷಕ್ಕೊಂದು ಸಲ ಎದ್ದು ಗೋಡೆಗೆ ಒರಗಿ ನಿಲ್ತೀನಿ. ಇನ್ನೊಂದು, ಹೆಂಗಸರು ಯಾರ ಹತ್ರನೂ ಹೇಳ್ಕೊಳ್ಳದೆ ಇರೋದು, ನಾನು ಹೇಳ್ತೀನಿ: ಎರಡನೇ ಹೆರಿಗೆ ಆದ್ಮೇಲೆ ಕೆಮ್ಮಿದ್ರೆ ಸೀನಿದ್ರೆ ಮೂತ್ರ ಸೋರ್ತಿತ್ತು, ಹತ್ತು ವರ್ಷ ಅದನ್ನ ಸಹಿಸ್ಕೊಂಡೇ ಇದ್ದೆ, ಮದುವೆ ಮನೆಗೆ ಹೋಗೋಕೂ ಹೆದರ್ತಿದ್ದೆ. ಆ ಲಾಡಿ ಎಳೆಯೋ ಅಭ್ಯಾಸದ ಜೊತೆ ಕೆಳಗಿನ ಸ್ನಾಯು ಬಿಗಿ ಹಿಡಿದು ಸಡಿಲ ಬಿಡೋದನ್ನ ಮೇಡಂ ಹೇಳ್ಕೊಟ್ರು, ಈಗ ತೊಂಬತ್ತು ಭಾಗ ಇಲ್ಲ. ಅಕ್ಕಂದಿರೇ ತಂಗಿಯರೇ, ಇದಕ್ಕೆ ಪರಿಹಾರ ಇದೆ, ಹೋಗಿ ಕೇಳಿ.

ಆದ್ರೆ ನನ್ನ ಪೋಸ್ಟ್ ನೋಡ್ಕೊಂಡು ಸೀದಾ ನೆಲಕ್ಕೆ ಮಲಗ್ಬೇಡಿ. ಮೊದ್ಲು ಡಾಕ್ಟರಿಗೆ ತೋರಿಸಿ. ಪಾದ ಎತ್ತೋಕಾಗ್ತಿಲ್ಲ, ತೊಡೆ ಸಂಧಿ, ಕೂರೋ ಜಾಗ ಎಲ್ಲಾ ಜೋಮು ಹಿಡಿದಿದೆ, ಒಂದ ಎರಡರ ಹತೋಟಿ ತಪ್ಪಿದೆ ಅಂದ್ರೆ ಒಂದು ಗಂಟೆನೂ ಕಾಯ್ಬೇಡಿ, ಆಸ್ಪತ್ರೆಗೆ ಓಡಿ. ಮಾಡೋವಾಗ ಮಾಂಸಖಂಡ ಉರಿದ್ರೆ ಪರ್ವಾಗಿಲ್ಲ, ಕಾಲಿಗೆ ಕರೆಂಟ್ ಹೊಡೆದ ಹಾಗೆ ಇಳಿದ್ರೆ ನಿಲ್ಲಿಸಿ.

ಆಟೋ ಅಣ್ಣ, ನನ್ನನ್ನ ಫಿಸಿಯೋ ಹತ್ರ ಕರ್ಕೊಂಡು ಹೋಗೋವಾಗ ರಸ್ತೆಯ ಒಂದೊಂದು ಹಂಪ್ ಬಂದಾಗಲೂ “ಅಕ್ಕಾ, ಹಂಪ್ ಬಂತು, ಗಟ್ಟಿ ಹಿಡ್ಕೊಳ್ಳಿ” ಅಂತ ಹೇಳಿ ನಿಂತೇ ಹೋಗ್ತಿದ್ರಿ, ದುಡ್ಡು ಒಂದು ರೂಪಾಯಿ ಜಾಸ್ತಿ ಕೇಳ್ಲಿಲ್ಲ. ಪಕ್ಕದ ಮನೆಯವ್ರು ಮೂರು ತಿಂಗಳು ನಮ್ಮ ಬಿಂದಿಗೆ ನೀರು ಹಿಡಿದಿಟ್ರು. ಎದುರು ಮನೆ ಹುಡುಗಿ ಹುಕ್ಸು, ಫಾಲ್ಸು ಹಾಕಿಕೊಟ್ಟು ನನ್ನ ಕೆಲಸ ಪೂರ್ತಿ ನಿಲ್ಲದ ಹಾಗೆ ನೋಡ್ಕೊಂಡಳು.

ಕೊನೆಗೆ ನನ್ನ ಕಸ್ಟಮರ್ಸ್. ಅಡ್ವಾನ್ಸ್ ಕೊಟ್ಟು ಬಟ್ಟೆ ಕೊಟ್ಟಿದ್ದೋರು ಒಬ್ಬರೂ ವಾಪಸ್ ಕೇಳ್ಲಿಲ್ಲ. ಮಗಳ ನಿಶ್ಚಿತಾರ್ಥಕ್ಕೆ ನಾನೇ ಹೊಲೀಬೇಕು ಅಂತ ರೇಷ್ಮೆ ಸೀರೆ ಐದು ತಿಂಗಳು ಬೀರುವಿನಲ್ಲಿಟ್ಟು ಕಾದವ್ರೂ ಇದ್ದೀರ. ಆ ಬ್ಲೌಸ್ ಹೊಲಿಯೋವಾಗ ಒಂದೊಂದು ಹೊಲಿಗೆಗೂ ನಿಮ್ಮನ್ನ ನೆನೆಸ್ಕೊಂಡಿದೀನಿ.

ಗೌರಿ ಹಬ್ಬಕ್ಕೆ ಕೊಟ್ಟಿದ್ದ ಬ್ಲೌಸ್ ಎಲ್ಲಾ ರೆಡಿ ಇದೆ, ಕುಚ್ಚು ಹಾಕೋಕೆ ಕೊಟ್ಟಿದ್ದ ಸೀರೆಗಳೂ. ಸಂಜೆ ಐದರ ಮೇಲೆ ಬಂದು ತಗೊಂಡು ಹೋಗಿ, ಬೆಟ್ಟದ ಪ್ರಸಾದನೂ ತೆಗೆದಿಟ್ಟಿದೀನಿ.