ಜೂನ್ 1ರಿಂದ ನಮ್ಮ ಅನುವಾದದ ದರ ಬದಲಾಗುತ್ತಿದೆ: ಗ್ರಾಹಕರಿಗೆ ಪತ್ರ

ನಮ್ಮ ಎಲ್ಲ ಗ್ರಾಹಕರಿಗೆ ಧಾರವಾಡದಿಂದ ನಮಸ್ಕಾರ.

ಜೂನ್ 1ರಿಂದ ನಮ್ಮ ಅನುವಾದದ ದರ ಪದಕ್ಕೆ ಒಂದೂವರೆ ರೂಪಾಯಿಯಿಂದ ಎರಡು ರೂಪಾಯಿ ಆಗುತ್ತದೆ. ಅದೇ ದಿನದಿಂದ, ಬರೀ ಕಡಿಮೆ ದರ ನೋಡಿ ಕೊಡುವ ಸರ್ಕಾರಿ ಟೆಂಡರ್ ಕೆಲಸವನ್ನು ನಾವು ಬಿಡುತ್ತಿದ್ದೇವೆ. ಅಂಥ ಕೆಲಸವನ್ನು ಬೇರೆ ಗುತ್ತಿಗೆದಾರರ ಕೈಕೆಳಗೂ ಇನ್ನು ಮಾಡುವುದಿಲ್ಲ. ಈ ಎರಡಕ್ಕೂ ಸಂಬಂಧ ಇದೆ. ಅದನ್ನು ಬಿಡಿಸಿ ಹೇಳದೆ ದರ ಏರಿಸಿದರೆ ನಿಮಗೆ ಬೇಜಾರಾಗುತ್ತದೆ, ಆಗಬೇಕಾದದ್ದೇ.

ಮೊದಲು ಕ್ಷಮೆ ಕೇಳುತ್ತೇವೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ನಿಮ್ಮಲ್ಲಿ ಎಷ್ಟೋ ಜನರ ಕೆಲಸ ತಡವಾಯಿತು. ನಾಲ್ಕು ದಿನದಲ್ಲಿ ಕೊಡುತ್ತೇವೆ ಅಂದದ್ದು ಹತ್ತು ದಿನ ಆಯಿತು. 2008ರಲ್ಲಿ ಹೈಕೋರ್ಟ್ ಪೀಠ ಇಲ್ಲಿ ಶುರುವಾದಾಗಿನಿಂದ ನಮಗೇ ಕಾಗದ ಕೊಡುತ್ತ ಬಂದ ವಕೀಲರು ಫೋನ್ ಮಾಡಿ ಮಾಡಿ ಸಾಕಾದರು. ಒಂದು ಜಮೀನಿನ ಕಾಗದದಲ್ಲಂತೂ ದೊಡ್ಡ ತಪ್ಪೇ ಆಯಿತು. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಬ್ಯಾಂಕಿನ 'ಬೋಜಾ' ಎಂದಿದ್ದದ್ದನ್ನು ನಮ್ಮ ಹೊಸ ಹುಡುಗ ಇಂಗ್ಲಿಷಿನಲ್ಲಿ ತೂಕ ಅನ್ನುವ ಅರ್ಥ ಬರುವಂತೆ ಬರೆದ. ಬೋಜಾ ಅಂದರೆ ಜಮೀನಿನ ಮೇಲಿನ ಸಾಲ ಎಂದು ಈ ಭಾಗದ ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ. ಆದರೆ ನಾವು ಹುಡುಗನನ್ನು ಬೈಯಲಿಲ್ಲ. ಅವನು ಬರೆದದ್ದನ್ನು ಎರಡನೇ ಸಲ ಓದಬೇಕಾದ ಹಿರಿಯರು ಆ ರಾತ್ರಿ ಟೆಂಡರ್ ಕೆಲಸಕ್ಕೆ ಕೂತಿದ್ದರು, ಅವರನ್ನು ಕೂರಿಸಿದವರು ನಾವೇ. ವಕೀಲರ ಕಣ್ಣಿಗೆ ಬಿದ್ದಿದ್ದರಿಂದ ಬಚಾವಾಯಿತು. ಆ ಜಮೀನಿನ ಯಜಮಾನರ ಮನೆಗೆ ಹೋಗಿ ಕ್ಷಮೆ ಕೇಳಿ ಹಣ ವಾಪಸ್ ಕೊಟ್ಟು ಬಂದಿದ್ದೇವೆ.

ಈಗ, ನಾವು ಮೂರು ತಿಂಗಳಿಂದ ಕೇಳುತ್ತಿರುವ ಮಾತಿಗೆ ಬರುತ್ತೇವೆ. ಕೋರ್ಟಿನ ಆವರಣದಲ್ಲಿ ಕೇಳಿದ್ದೇವೆ, ಗದಗಿನ ಪ್ರೆಸ್ಸಿನಲ್ಲಿ ಕೇಳಿದ್ದೇವೆ, ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲೂ ಒಬ್ಬರು ಕೇಳಿದರು. 'ಸರ್ಕಾರಕ್ಕ 60 ಪೈಸಾಕ್ಕ ಮಾಡಿಕೊಡ್ತೀರಿ, ನಮಗ್ಯಾಕ ದೀಡ ರೂಪಾಯಿ ರೀ?'

ಆ 60 ಪೈಸೆ ನಾವು ಇಟ್ಟ ದರ ಅಲ್ಲ. ನಮ್ಮ ರಾಜ್ಯದಲ್ಲಿ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಸರ್ಕಾರಿ ಖರೀದಿ ಹೆಚ್ಚಾಗಿ ಟೆಂಡರ್ ಮೂಲಕ ಆಗಬೇಕು. ಕಾಯ್ದೆ ಒಳ್ಳೆಯದೇ, ಬೇಕಾದವರಿಗೆ ಕೆಲಸ ಹಂಚುವುದು ತಪ್ಪುತ್ತದೆ. ಸಾಮಾನ್ಯವಾಗಿ ಮೊದಲು ಅರ್ಹತೆ ನೋಡುವ ತಾಂತ್ರಿಕ ಬಿಡ್ ತೆರೆಯುತ್ತಾರೆ. ಅದರಲ್ಲಿ ಪಾಸಾದವರ ದರ ನೋಡಿ, ಎಲ್ಲರಿಗಿಂತ ಕಡಿಮೆ ಹೇಳಿದವರಿಗೆ ಕೆಲಸ. ಬೆಂಚು, ಕಪಾಟು ಕೊಳ್ಳುವಾಗ ಇದು ನಡೆಯುತ್ತದೆ. ಎಷ್ಟು ಉದ್ದ, ಯಾವ ಕಟ್ಟಿಗೆ ಅಂತ ಮೊದಲೇ ಬರೆದಿಡಬಹುದು. ಅನುವಾದಕ್ಕೆ ಹಾಗೆ ಏನು ಬರೆಯುತ್ತೀರಿ? ಹಳ್ಳಿಯ ಹೆಣ್ಣುಮಗಳು ಓದಿದರೆ ತಿಳಿಯಬೇಕು ಅಂತ ಬರೆದು, ಅದನ್ನು ಅಳೆಯುವವರು ಯಾರು?

ಇನ್ನೊಂದು, ಚಳಿಗಾಲದಲ್ಲಿ ನಾವು ಮಾಡಿದ ಆ ಕೆಲಸದ ಟೆಂಡರಿಗೆ ನಾವು ನೇರವಾಗಿ ಹೋಗುವ ಹಾಗೂ ಇರಲಿಲ್ಲ. ಮೂರು ವರ್ಷದ ದೊಡ್ಡ ವಹಿವಾಟು ತೋರಿಸಬೇಕಿತ್ತು, ಇಎಂಡಿ ಅನ್ನುವ ಠೇವಣಿ ಕಟ್ಟಬೇಕಿತ್ತು. ನಮ್ಮ ಇಡೀ ವರ್ಷದ ವಹಿವಾಟು 20 ಲಕ್ಷದ ಒಳಗೆ. ಅದಕ್ಕೇ ನಿಮ್ಮ ಬಿಲ್ಲಿನಲ್ಲಿ ಜಿಎಸ್‌ಟಿ ಇರುವುದಿಲ್ಲ, ನೀವು ನೋಡಿರುತ್ತೀರಿ. ಹೊರಗಿನ ದೊಡ್ಡ ಗುತ್ತಿಗೆದಾರರೊಬ್ಬರಿಗೆ ಕೆಲಸ ಸಿಕ್ಕಿತು, ಅವರು ನಮಗೆ 60 ಪೈಸೆಗೆ ಕೊಟ್ಟರು. ಆರೋಗ್ಯದ ಕೈಪಿಡಿಗಳು. ಇವು ನಮ್ಮ ಊರಿನವರೇ ಓದುವಂಥವು, ಕೆಟ್ಟ ಕನ್ನಡದಲ್ಲಿ ಹೋಗಬಾರದು ಎಂದು ಆಸೆಪಟ್ಟು ಒಪ್ಪಿದೆವು. ಆ ಕನ್ನಡದ ಬಗ್ಗೆ ನಮಗೆ ಇವತ್ತಿಗೂ ಹೆಮ್ಮೆ ಇದೆ.

ಆದರೆ ಲೆಕ್ಕ ನೋಡಿ. ನಿಮ್ಮ ಕೆಲಸದಲ್ಲಿ ನಾವು ಮೂಲದ ಪದ ಎಣಿಸುತ್ತೇವೆ. ಆ ಟೆಂಡರ್ ಕೆಲಸದಲ್ಲಿ ಎಣಿಸಿದ್ದು ಕನ್ನಡದ ಪದ. ಇಂಗ್ಲಿಷಿನ 'ಇನ್ ದ ವಿಲೇಜ್' ಮೂರು ಪದ, ನಮ್ಮ 'ಊರಿನಲ್ಲಿ' ಒಂದೇ. ಒಬ್ಬರು ಮನಸ್ಸಿಟ್ಟು ಕೂತರೆ ದಿನಕ್ಕೆ 2,000 ಇಂಗ್ಲಿಷ್ ಪದ ಮುಗಿಸುತ್ತಾರೆ. ನಮ್ಮ ಅನುಭವದಲ್ಲಿ ಅದು ಕನ್ನಡದಲ್ಲಿ ಸುಮಾರು 1,500 ಆಗುತ್ತದೆ. 60 ಪೈಸೆಯಂತೆ 900 ರೂಪಾಯಿ. ಬರೆದವರಿಗೆ, ಎರಡನೇ ಸಲ ಓದಿದವರಿಗೆ, ಕಚೇರಿ ಬಾಡಿಗೆಗೆ ಎಲ್ಲ ಅದರಲ್ಲೇ. ಮೇಲೆ ಟಿಡಿಎಸ್ ಅಂತ ತೆರಿಗೆ ಮೊದಲೇ ಹಿಡಿಯುತ್ತಾರೆ. ಹಳೆಯ ಕೈಪಿಡಿಗಳು 'ನುಡಿ' ತಂತ್ರಾಂಶದ ಹಳೇ ಅಕ್ಷರದಲ್ಲಿ ಬಂದವು. ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಕ್ಷರಕ್ಕೆ ತಂದರೆ ಒತ್ತು, ಅರ್ಕಾವತ್ತು ಎಲ್ಲ ಕೆಡುತ್ತವೆ. ಸಾಲು ಸಾಲು ಕೈಯಿಂದ ತಿದ್ದಬೇಕು. ಅದಕ್ಕೆ ಒಂದು ಪೈಸೆ ಇಲ್ಲ.

ನಮ್ಮ ಅನುವಾದಕರಿಗೆ ಮಾತ್ರ ನಾವು ನಿಮ್ಮ ಕೆಲಸಕ್ಕೆ ಕೊಡುವ ಹಾಗೆಯೇ ಮೂಲದ ಪದಕ್ಕೆ 90 ಪೈಸೆ ಕೊಟ್ಟೆವು. 2,000 ಪದಕ್ಕೆ 1,800 ರೂಪಾಯಿ. ಬಂದದ್ದು 900, ಹೋದದ್ದು 1,800. ನಡುವಿನ ದುಡ್ಡು ಎಲ್ಲಿಂದ ಬಂತು? ನೀವು ಕೊಟ್ಟ ದೀಡ ರೂಪಾಯಿಯಿಂದ. ನಿಮ್ಮಿಂದ ಜಾಸ್ತಿ ಕಿತ್ತುಕೊಂಡಿದ್ದೇವೆ ಅನ್ನುವ ಮಾತು ಸುಳ್ಳು. ಆದರೆ ನಿಮ್ಮ ದುಡ್ಡಿನಲ್ಲಿ ಬೇರೆಯವರ ಕೆಲಸ ಮಾಡಿಕೊಟ್ಟೆವು ಅನ್ನುವುದು ನಿಜ. ನಿಮ್ಮನ್ನು ಕೇಳದೆ ಮಾಡಿದ್ದು ತಪ್ಪು.

ಆ ಕೆಲಸದ ಅರ್ಧ ಹಣ ಇನ್ನೂ ಬಂದಿಲ್ಲ. ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿಯನ್ನು ನಾವು ಮಾಡಿಸಿದ್ದೇವೆ. ಸಣ್ಣ ಉದ್ದಿಮೆಗಳ 2006ರ ಎಂಎಸ್‌ಎಂಇ ಕಾಯ್ದೆಯಂತೆ ನಮ್ಮಂಥವರಿಗೆ 45 ದಿನದ ಒಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಕೇಳಲು ಹೋದರೆ ಮತ್ತೆ ಅರ್ಜಿ, ಅಲೆದಾಟ. ಅಲ್ಲಿಯವರೆಗೆ ಅನುವಾದಕರು ಕಾಯಲಿ ಅಂತ ಹೇಗೆ ಹೇಳುವುದು? ಹಾವೇರಿಯಲ್ಲಿ ಮಕ್ಕಳನ್ನು ಮಲಗಿಸಿ ರಾತ್ರಿ ಹತ್ತರ ಮೇಲೆ ಬರೆಯಲು ಕೂರುವ ತಂಗಿಯೊಬ್ಬಳಿದ್ದಾಳೆ. ಅವಳ ಮನೆ ಬಾಡಿಗೆ ಆ ದುಡ್ಡಿನಿಂದಲೇ. ಕೈಗಡ ಮಾಡಿ ಎಲ್ಲರಿಗೂ ಕೊಟ್ಟಿದ್ದೇವೆ.

ಹೊಸ ಎರಡು ರೂಪಾಯಿಯಲ್ಲಿ ಬರೆದವರಿಗೆ ಒಂದು ರೂಪಾಯಿ 20 ಪೈಸೆ, ಎರಡನೇ ಓದಿಗೆ 40 ಪೈಸೆ, ಕಚೇರಿಗೆ 40 ಪೈಸೆ. ಎರಡನೇ ಕಣ್ಣು ಬೀಳದೆ ಒಂದು ಹಾಳೆಯೂ ಹೊರಗೆ ಹೋಗುವುದಿಲ್ಲ. ಓದಿದವರ ಸಹಿ ಹಾಳೆಯ ಹಿಂದೆ ಇರುತ್ತದೆ. ಮೊಬೈಲಿನಲ್ಲೇ ಆಗ್ತದಲ್ಲ ಅನ್ನುವವರೂ ಇದ್ದಾರೆ. ಸುಮ್ನೆ ಅರ್ಥ ತಿಳಿಯಲು ಆಗುತ್ತದೆ, ನಾವೂ ಬಳಸುತ್ತೇವೆ. ವಾಟ್ನಿ ಪತ್ರ (ಆಸ್ತಿ ಪಾಲಿನ ಪತ್ರ), ಗಾಂವಠಾಣದ (ಊರೊಳಗಿನ ಜಾಗದ) ಕಾಗದ ಕೋರ್ಟಿಗೆ ಹೋಗುವಾಗ ಮಾತ್ರ ದಯವಿಟ್ಟು ಬೇಡ.

ಮೇ 31ರೊಳಗೆ ಕೊಟ್ಟ ಕೆಲಸಕ್ಕೆ ಹಳೆಯ ದರವೇ. ಮಾರ್ಕ್ಸ್ ಕಾರ್ಡ್, ಪಿಂಚಣಿ ಕಾಗದ, ಒಂದು ಹಾಳೆಯ ಅಫಿಡವಿಟ್‌ಗಳಿಗೆ ಪುಟಕ್ಕೆ 150 ರೂಪಾಯಿ ಇದ್ದದ್ದು ಹಾಗೇ ಇರುತ್ತದೆ. ಹಳೆಯ ಗ್ರಾಹಕರಿಂದ ಮುಂಗಡ ಕೇಳುವುದಿಲ್ಲ. ಮುಂದೆ ಗುಣಮಟ್ಟಕ್ಕೂ ಅಂಕ ಇಟ್ಟು ಕರೆಯುವ ಸರ್ಕಾರಿ ಟೆಂಡರ್ ಬಂದರೆ ಖಂಡಿತ ಹೋಗುತ್ತೇವೆ. ಆದರೆ ಅದಕ್ಕಾಗಿ ನಿಮ್ಮ ಕೆಲಸ ಬದಿಗೆ ಇಡುವುದಿಲ್ಲ.

ಚಳಿಗಾಲದಲ್ಲಿ ಯಾರ ಕೆಲಸ ತಡವಾಗಿತ್ತೋ ಅವರು ಆ ಕಾಗದ ಇನ್ನೊಮ್ಮೆ ತನ್ನಿ. ನಾವು ಪೂರ್ತಿ ಮತ್ತೆ ಓದಿ, ತಪ್ಪಿದ್ದರೆ ತಿದ್ದಿ ಕೊಡುತ್ತೇವೆ, ದುಡ್ಡು ಬೇಡ. ಸಂಜೆ ಏಳರವರೆಗೆ ಕಚೇರಿಯಲ್ಲಿ ಯಾರಾದರೂ ಇರುತ್ತೇವೆ.

ನಿಮ್ಮವರು,
ಅನುವಾದಕರ ಬಳಗ, ಧಾರವಾಡ