ಸಾರಿನ ದಿನ ಬಂದ 'ಸಾರಿ'

ಪುಟ್ಟಿ,

ಭಾನುವಾರ ನೀನು ಊಟಕ್ಕೆ ಬರಲಿಲ್ಲ. ರಾತ್ರಿಯೇ ನೆನೆಹಾಕಿದ ಅವರೆಕಾಳನ್ನು ಬೆಳಗ್ಗೆ ಒಂದೊಂದೇ ಹಿತುಕಿ ನನ್ನ ಬೆರಳ ತುದಿ ಉರಿಯುತ್ತಿತ್ತು. ಸಾರು ಕುದಿಯೋ ಹೊತ್ತಿಗೆ ನಿನ್ನ ಮೆಸೇಜ್ ಬಂತು: 'ಸಾರಿ ಅಮ್ಮ'. ಅಷ್ಟೇ. ವೈಟ್‌ಫೀಲ್ಡಿನಿಂದ ಬಸವನಗುಡಿಗೆ ಬರೋದು ಸುಲಭ ಅಲ್ಲ, ಒಪ್ಪಿದೆ. ಆದರೂ ಸಿಟ್ಟು ಬಂತು. ಆ ಸಿಟ್ಟಲ್ಲೇ ನಿಮ್ಮಪ್ಪನ ದಪ್ಪ ಡಿಕ್ಷನರಿ ತೆಗೆದು ಕೂತೆ.

ನೋಡಿದರೆ, ಅದು ಮೊದಲು ಕ್ಷಮೆ ಕೇಳೋ ಮಾತೇ ಅಲ್ಲ. ಹಳೇ ಇಂಗ್ಲಿಷಿನಲ್ಲಿ 'ಸಾರ್' ಅಂದರೆ ನೋವು, ಗಾಯ. ಅದರಿಂದ ಹುಟ್ಟಿದ್ದು 'ಸಾರಿ'. ಅಂದರೆ, ನೊಂದವರು. ಆ 'ಸಾರ್' ಮುಂದೆ 'ಸೋರ್' ಆಯಿತು. ಗಂಟಲು ಕೆರೆದಾಗ ಸೋರ್ ಥ್ರೋಟ್ ಅಂತೀಯಲ್ಲ, ಅದೇ. ದುಃಖಕ್ಕೆ ಹೇಳೋ 'ಸಾರೋ' ಇದರ ಅಕ್ಕನೇ ಇರಬೇಕು ಅಂದುಕೊಂಡಿದ್ದೆ. ಅಲ್ಲವಂತೆ. ಬೇರೆ ಮನೆಯ ಹುಡುಗಿ, ಒಡನಾಟದಿಂದ ಹೋಲಿಕೆ ಬಂದಿದೆ. ನನಗೆ ಜಾಸ್ತಿ ಖುಷಿಯಾಗಿದ್ದು ಇನ್ನೊಂದಕ್ಕೆ. ಸಾವಿರ ವರ್ಷದ ಹಿಂದೆ ಅವರೂ 'ಸಾ' ಅಂತ ಎಳೆದೇ ಹೇಳುತ್ತಿದ್ದರು, ನಮ್ಮ ಬಸ್ ಕಂಡಕ್ಟರ್ ಹೇಳೋ ಹಾಗೆ! ಇನ್ನು ನನ್ನ ಉಚ್ಚಾರಣೆ ತಿದ್ದಬೇಡ.

ತಾತ ಹೋದಾಗ ಅಪ್ಪನ ಆಫೀಸಿನವರೊಬ್ಬರು ಬಂದು ಅಜ್ಜಿಗೆ 'ಸಾರಿ' ಅಂದರು. ಅಜ್ಜಿ ಕಣ್ಣೊರೆಸಿಕೊಂಡು, "ನೀವೇನು ಮಾಡಿದ್ರಪ್ಪಾ? ಕೂತ್ಕೊಳ್ಳಿ" ಅಂದಿದ್ದರು. ಆಮೇಲೆ ಎಷ್ಟು ನಕ್ಕಿದ್ದೆವು, ಅಲ್ವಾ? ಪಾಪ, ಆ ಮನುಷ್ಯ ಹೇಳಿದ್ದು ಪದದ ಹಳೇ ಅರ್ಥವನ್ನೇ. ನನಗೂ ನೋವಾಗಿದೆ ಅಂತ.

ಸುಮ್ನೆ 'ಸಾರಿ' ಅಂತ ಒಂದೇ ಪದದಲ್ಲಿ ಮುಗಿಸೋ ರೂಢಿ ಬಂದದ್ದು 19ನೇ ಶತಮಾನದಲ್ಲಿ. ಈಗಂತೂ ಫೋನಲ್ಲಿ ಮಾತು ಕೇಳಿಸದಿದ್ದರೂ ಅದೇ ಪದ.

ಮೊನ್ನೆ ಬಸ್ಸಲ್ಲಿ ವಯಸ್ಸಾದವರೊಬ್ಬರ ಕಾಲು ನನಗೆ ತಾಗಿತು. ತಕ್ಷಣ ನನ್ನ ತೋಳು ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಕಾರ್ಪೊರೇಷನ್ ಸ್ಟಾಪಲ್ಲಿ ಇಳಿದು ಹೋದರು.

ನಿನ್ನದು ಯಾವ 'ಸಾರಿ' ಅಂತ ನಾನು ಕೇಳಲ್ಲ. ಒಂದು ಬಟ್ಟಲು ಸಾರು ಫ್ರೀಜರಿನಲ್ಲಿ ಎತ್ತಿಟ್ಟಿದ್ದೀನಿ. ಬರುವಾಗ ನನ್ನ ಸ್ಟೀಲ್ ಡಬ್ಬಿ ತಾ. ಹೋದ ಸಾರಿನೂ ಮರೆತು ಬಂದಿದ್ದೆ.

ಅಮ್ಮ